ಗಾಳಿಗಾಗಿ ಕಾದು ಕೂತ ಧಕ್ಕೆ

ಚಿತ್ರದುರ್ಗದ ಹೈವೇಯಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರ್ ಎದುರಾದರೆ ಗೊತ್ತಲ್ವಾ, ಒಂದು ತಿರುವು ದಾಟಲು ಅದು ಪಡುವ ಪಾಡು? ಹಿಂದಿನವರೆಲ್ಲ ಎಂಜಿನ್ ಆಫ್ ಮಾಡಿ ಕೂರಬೇಕು. ಕಡಲಲ್ಲಿ ನಿಲ್ಲಿಸುವ ದೊಡ್ಡ ಯಂತ್ರಗಳಲ್ಲಿ ಒಂದೊಂದು ರೆಕ್ಕೆಯೇ 107 ಮೀಟರ್ ಇರುವುದುಂಟು. ಅದನ್ನು ರಸ್ತೆಯಲ್ಲಿ ತರುವ ಮಾತೇ ಇಲ್ಲ. ಹಡಗಿನಲ್ಲಿ ಬರಬೇಕು, ದಡದಲ್ಲಿ ಇಳಿಯಬೇಕು, ಅಲ್ಲಿಂದಲೇ ಕಡಲಿಗೆ ಹೋಗಬೇಕು. ಹಾಗಾಗಿ ಯಂತ್ರಕ್ಕಿಂತ ಮೊದಲು ಬಂದರು ಬೇಕು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಕಡಲ ಗಾಳಿ ವಿದ್ಯುತ್ತಿಗೆ 7,453 ಕೋಟಿ ರೂಪಾಯಿ ಒಪ್ಪಿದಾಗ, ಅದರಲ್ಲಿ 600 ಕೋಟಿಯನ್ನು ಎರಡು ಬಂದರುಗಳನ್ನು ಸಜ್ಜು ಮಾಡಲು ಎತ್ತಿಟ್ಟದ್ದು ಇದಕ್ಕೇ.

ಆದರೆ ಬಂದರು ಕಟ್ಟಿದ ಮೇಲೆ ಯಂತ್ರ ಬರದೇ ಹೋದರೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನಲ್ಲಿ ಆದದ್ದು ಅದೇ.

ಊರಿಗೆ ಇಂಧನದ ವ್ಯಾಪಾರ ಹೊಸದಲ್ಲ. 19ನೇ ಶತಮಾನದಲ್ಲಿ ದೂರದೂರದ ಮನೆಗಳ ದೀಪ ಉರಿಯುತ್ತಿದ್ದುದು ಇಲ್ಲಿಂದ ಹೋದ ತಿಮಿಂಗಿಲದ ಎಣ್ಣೆಯಲ್ಲಿ. 1857ರಲ್ಲಿ ತಿಮಿಂಗಿಲ ಬೇಟೆಗೇ ಇಲ್ಲಿ 329 ಹಡಗುಗಳಿದ್ದವು. ಎರಡೇ ವರ್ಷಕ್ಕೆ ಪೆನ್ಸಿಲ್ವೇನಿಯಾದಲ್ಲಿ ಬಾವಿ ಕೊರೆದು ಪೆಟ್ರೋಲಿಯಂ ತೆಗೆದರು. ತಿಮಿಂಗಿಲದ ಎಣ್ಣೆ ಕೇಳುವವರು ಕಡಿಮೆಯಾಗುತ್ತ ಬಂದರು. ಆಮೇಲೆ ಹತ್ತಿ ಗಿರಣಿಗಳು ಬಂದವು, ಅವೂ ಮುಳುಗಿದವು. 1940ರ ದಶಕದಿಂದ ಕೆಪಾಸಿಟರ್ ಕಾರ್ಖಾನೆಗಳು ಪಿಸಿಬಿ ಎಂಬ ವಿಷವನ್ನು ಬಂದರಿನ ನೀರಿಗೆ ಬಿಟ್ಟವು. 1983ರಲ್ಲಿ ಈ ಬಂದರು ದೇಶದ ಅತಿ ಕಲುಷಿತ ಜಾಗಗಳ ಸರ್ಕಾರಿ ಪಟ್ಟಿ ಸೇರಿತು. ಊರನ್ನು ಉಳಿಸಿದ್ದು ಸ್ಕ್ಯಾಲಪ್ ಎಂಬ ಕಡಲ ಚಿಪ್ಪುಜೀವಿ, ನಮ್ಮ ಮರುವಾಯಿಯ ದೂರದ ನೆಂಟ ಅನ್ನಿ. ಮೀನುಗಾರಿಕೆಯ ಹಣದ ಲೆಕ್ಕದಲ್ಲಿ ಇವತ್ತು ಅಮೆರಿಕದ ಅತಿ ದೊಡ್ಡ ಬಂದರುಗಳಲ್ಲಿ ಇದೂ ಒಂದು.

2001ರಲ್ಲಿ ಕೇಪ್ ವಿಂಡ್ ಎಂಬ ಕಡಲ ಗಾಳಿ ಯೋಜನೆ ಬಂತು. ನ್ಯಾಂಟಕೆಟ್ ಸೌಂಡ್‌ನಲ್ಲಿ 130 ಯಂತ್ರ. ಅದೋ ಶ್ರೀಮಂತರ ಬೀಚ್ ಮನೆಗಳ ಎದುರಿನ ಕಡಲು. ಎದ್ದ ವಿರೋಧ ಅಷ್ಟಿಷ್ಟಲ್ಲ, ಸೆನೆಟರ್ ಎಡ್ವರ್ಡ್ ಕೆನಡಿಯೂ ಅದರಲ್ಲಿ ಸೇರಿಕೊಂಡರು. ಆದರೂ ರಾಜ್ಯ ಸರ್ಕಾರ ಈ ಯೋಜನೆಯನ್ನು ನಂಬಿ 2013ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ಧಕ್ಕೆ, ಅಂದರೆ ಹಡಗಿನಿಂದ ಸರಕು ಇಳಿಸುವ ಕಟ್ಟೆ, ಕಟ್ಟಲು ಇಳಿಯಿತು. ಸಾಮಾನ್ಯ ಧಕ್ಕೆಯಲ್ಲ. ಬರುವ ಭಾರಕ್ಕೆ ನೆಲ ಕುಸಿಯದಂತೆ ಚದರ ಮೀಟರಿಗೆ ಸುಮಾರು 20 ಟನ್ ತಾಳುವ ಹಾಗೆ ಕಟ್ಟಿದರು. ಹೂಳೆತ್ತಿದರೆ ಬಂದದ್ದು ಬರೀ ಕೆಸರಲ್ಲ, ಹಳೆಯ ಪಿಸಿಬಿಯೂ ಇತ್ತು. ಅದಕ್ಕೆ ಬಂದರಿನ ತಳದಲ್ಲೇ ಆಳದ ಗುಂಡಿ ತೋಡಿ ಅದನ್ನು ಹೂತರು. ಒಟ್ಟು ಖರ್ಚು ಸುಮಾರು 11.3 ಕೋಟಿ ಡಾಲರ್.

ಕೆಲಸ ಮುಗಿಯುವ ಹೊತ್ತಿಗೆ, 2015ರ ಜನವರಿಯಲ್ಲಿ, ಎರಡು ವಿದ್ಯುತ್ ಕಂಪನಿಗಳು ಕೇಪ್ ವಿಂಡ್‌ನ ಖರೀದಿ ಒಪ್ಪಂದ ರದ್ದು ಮಾಡಿದವು. ಹಣ ಹೊಂದಿಸುವ ಗಡುವು ಮೀರಿತ್ತು. ಹಂದರ ಹಾಕಿ ಆದ ಮೇಲೆ ಮದುವೆ ಮುರಿದ ಹಾಗೆ. ಧಕ್ಕೆಗೆ ಬಿಡಿ ಸರಕು ಬರುತ್ತಿತ್ತು, ರೆಕ್ಕೆ ಮಾತ್ರ ಬರಲಿಲ್ಲ. ಆ ವರ್ಷಗಳಲ್ಲಿ ಇದನ್ನು ದಂಡದ ಖರ್ಚು ಎಂದವರ ಮೇಲೆ ನನಗೆ ಕೋಪವಿಲ್ಲ, ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ದಾರಿ ತೆರೆದದ್ದು 2016ರ ಕಾನೂನು. ವಿದ್ಯುತ್ ಕಂಪನಿಗಳು 1,600 ಮೆಗಾವಾಟ್ ಕಡಲ ಗಾಳಿ ವಿದ್ಯುತ್ ಕೊಳ್ಳಲೇಬೇಕು ಎಂದಿತು ಅದು. ಕೊಳ್ಳುವವರು ಗಟ್ಟಿಯಾದ ಮೇಲೆ ವಿನ್‌ಯಾರ್ಡ್ ವಿಂಡ್ ಎಂಬ ಹೊಸ ಯೋಜನೆ ಬಂತು: 62 ಯಂತ್ರ, 806 ಮೆಗಾವಾಟ್. 2023ರ ಮೇನಲ್ಲಿ ಮೊದಲ ಭಾಗಗಳು ಧಕ್ಕೆಗೆ ಇಳಿದವು. 2024ರ ಜನವರಿಯಲ್ಲಿ ಮೊದಲ ಕರೆಂಟ್ ಹರಿಯಿತು.

ತೊಡಕು ಆಗಲೂ ಇತ್ತು. ಚಂಡಮಾರುತ ತಡೆಯಲು 1966ರಲ್ಲಿ ಬಂದರಿನ ಬಾಯಿಗೆ ಕಲ್ಲಿನ ಗೋಡೆ ಕಟ್ಟಿ ಮುಗಿಸಿದ್ದರು. ಅದರ ಗೇಟಿನ ಅಗಲ 46 ಮೀಟರ್, ಅಷ್ಟೇ. ಮೇಲಾಗಿ 1920ರ ಜೋನ್ಸ್ ಕಾಯ್ದೆಯ ಪ್ರಕಾರ ವಿದೇಶಿ ಹಡಗು ಅಮೆರಿಕದ ಬಂದರಿನಲ್ಲಿ ಸರಕು ತುಂಬಿ ಅಮೆರಿಕದ್ದೇ ಇನ್ನೊಂದು ಜಾಗಕ್ಕೆ ಒಯ್ಯುವಂತಿಲ್ಲ. ಯಂತ್ರ ನಿಲ್ಲಿಸುವ ಹಡಗು ವಿದೇಶದ್ದು. ಹಾಗಾಗಿ ಅದು ಕಡಲಲ್ಲೇ ಕಾಯುತ್ತಿತ್ತು. ಟಗ್‌ಗಳು ಎಳೆಯುವ ಬಾರ್ಜ್‌ಗಳು ಗೋಪುರದ ತುಂಡುಗಳನ್ನೂ ಉದ್ದಕ್ಕೆ ಮಲಗಿಸಿದ ಮೂರು ರೆಕ್ಕೆಗಳನ್ನೂ ಹೊತ್ತು ಆ ಗೇಟಿನಲ್ಲಿ ಮೆಲ್ಲಗೆ ನುಸುಳಿ ಹೋಗುತ್ತಿದ್ದವು.

2024ರ ಜುಲೈನಲ್ಲಿ ಒಂದು ರೆಕ್ಕೆ ಮುರಿದು ಚೂರುಗಳು ನ್ಯಾಂಟಕೆಟ್ ದ್ವೀಪದ ದಡಕ್ಕೆ ಬಂದು ಬಿದ್ದವು. ಸ್ವಲ್ಪ ಕಾಲ ಕೆಲಸ ನಿಂತಿತು.

ಸ್ಕ್ಯಾಲಪ್ ದೋಣಿಗಳು ಹೋಗಿ ಬರುವುದೂ ಅದೇ ಗೇಟಿನಲ್ಲಿ. ಧಕ್ಕೆಯಿಂದ ಊರಿಗೆ ಕೆಲಸ ಬಂದದ್ದು ನಿಜ, ಆದರೆ ಎಷ್ಟೋ ಮೀನುಗಾರರಿಗೆ ಇನ್ನೂ ಸಮಾಧಾನವಿಲ್ಲ. ಸಾಲು ಕಂಬಗಳ ನಡುವೆ, ಅದೂ ಮಂಜು ಕವಿದ ದಿನ, ತಳ ಕೆರೆಯುವ ಬಲೆ ಎಳೆಯುವುದು ಹೇಗೆ ಅನ್ನುವುದು ಅವರ ಪ್ರಶ್ನೆ.