ಡಬಲ್ ಬೆಲ್ ಬಿದ್ದ ಮೇಲೆ

ಹೊರಡು ಅಂತ ಕಂಡಕ್ಟರ್ ಹೊಡೆಯುವ ಡಬಲ್ ಬೆಲ್ ಬಿದ್ದ ತಕ್ಷಣ ಬಸ್ ಎತ್ತಬಾರದು. ಇದನ್ನು ನಾನು ಕಲಿತದ್ದು ಮೊಗ್ರಾಲ್‌ನಲ್ಲಿ ಬಸ್ ಹತ್ತುತ್ತಿದ್ದ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿಯಿಂದ.

ಕೇರಳದ ಕಾಸರಗೋಡಿನಿಂದ ಕರ್ನಾಟಕ ಗಡಿಯ ತಲಪಾಡಿಗೆ ಹೋಗುವ ರೂಟಿನಲ್ಲಿ ಪ್ರೈವೇಟ್ ಬಸ್ ಓಡಿಸಲು ಶುರುಮಾಡಿ 22 ವರ್ಷ ಆಯಿತು. ಆಗಿನ್ನೂ ನಾನು ಹೊಸಬ. ಸಂಜೆ ನಾಲ್ಕೂವರೆ, ಶಾಲೆ ಬಿಟ್ಟ ಹೊತ್ತು, ಜೋರು ಮಳೆ. ನಮ್ಮ ಕಡೆ ಒಂದು ಕೆಟ್ಟ ರೂಢಿ ಉಂಟು. ಫುಲ್ ಟಿಕೆಟಿನವರು ಹತ್ತಿ ಮುಗಿಯುವವರೆಗೆ ಮಕ್ಕಳನ್ನು ಹೊರಗೆ ನಿಲ್ಲಿಸುತ್ತಾರೆ. ಕೊನೆಗೆ ಅವರು ಒಟ್ಟಿಗೆ ನುಗ್ಗುವಾಗಲೇ ಬೆಲ್ ಬೀಳುತ್ತದೆ. ಅವತ್ತೂ ಹಾಗೇ ಆಯಿತು. ಟಣ್ ಟಣ್ ಅಂತ ಕೇಳಿದ್ದೇ ನಾನು ಕ್ಲಚ್ ಬಿಟ್ಟೆ. ಆ ಹುಡುಗಿಯ ಒಂದು ಕಾಲು ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ, ಇನ್ನೊಂದು ರಸ್ತೆ ಮೇಲೆ. ಬ್ಯಾಗಿನ ಪಟ್ಟಿ ಬಾಗಿಲಿನ ಹಿಡಿಗೆ ಸಿಕ್ಕಿಕೊಂಡು ಎರಡು ಮೂರು ಹೆಜ್ಜೆ ಎಳೆದುಕೊಂಡು ಹೋಯಿತು. ಜನ ಬಸ್ಸಿನ ಬದಿಗೆ ಬಡಿದರು. ನಿಲ್ಲಿಸಿ ಇಳಿದು ಓಡಿದೆ. ಮೊಣಕಾಲು ತರಚಿತ್ತು, ಕೊಡೆ ಚಕ್ರದ ಅಡಿಗೆ ಬಿದ್ದು ಮುರಿದಿತ್ತು. ಎಬ್ಬಿಸಿದಾಗ ಅವಳು ಅಳಲಿಲ್ಲ. ಮೊದಲು ಹೇಳಿದ ಮಾತು ಇದು: "ಅಂಕಲ್, ನನ್ನ ಹತ್ರ ಪಾಸ್ ಉಂಟು."

ಹತ್ತಬೇಡ ಅಂತಲೇ ನಾನು ಬಸ್ ಎತ್ತಿದ್ದು ಅಂದುಕೊಂಡಿದ್ದಳು ಮಗು. ಆ ಮಾತು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಕೇರಳದಲ್ಲಿ 2022ರ ಮೇ ತಿಂಗಳಿಂದ ಬಸ್ಸಿನ ಕನಿಷ್ಠ ದರ 10 ರೂಪಾಯಿ, ವಿದ್ಯಾರ್ಥಿಗಳಿಗೆ ಮಾತ್ರ 1 ರೂಪಾಯಿಯೇ ಉಳಿಯಿತು. ನಮ್ಮ ಬತ್ತ, ಅಂದರೆ ನಮಗೆ ಸಿಗುವ ಭತ್ಯೆ, ಇರುವುದು ದಿನದ ಕಲೆಕ್ಷನ್ ಮೇಲೆ. ಹಾಗಾಗಿ ಯೂನಿಫಾರ್ಮ್ ಕಂಡರೆ ಕೆಲವರ ಮುಖ ಗಂಟಾಗುತ್ತದೆ. ದರದ ಲೆಕ್ಕ ಮಾಲಕರೂ ಸರ್ಕಾರವೂ ಕೂತು ಮಾತಾಡಬೇಕಾದದ್ದು, ಆ ಸಿಟ್ಟನ್ನು ಮಳೆಯಲ್ಲಿ ನಿಂತ ಮಕ್ಕಳ ಮೇಲೆ ತೀರಿಸುವುದು ಅನ್ಯಾಯ. ಇದನ್ನು ನನ್ನ ಜೊತೆಗಾರರ ಮುಖಕ್ಕೇ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಡ್ರೈವರ್ ಸೀಟಿನಿಂದ ಎಷ್ಟು ಕಾಣುತ್ತದೆ ಅಂತ ಪ್ರಯಾಣಿಕರಿಗೂ ಗೊತ್ತಿರಬೇಕು. ಮುಂದಿನ ಬಾಗಿಲು ತಲೆ ತಿರುಗಿಸಿದರೆ ಕಾಣುತ್ತದೆ. ಹಿಂದಿನ ಬಾಗಿಲು ಎಡಗಡೆಯ ಕನ್ನಡಿಯಲ್ಲಿ ಮಾತ್ರ, ಅದೂ ಮಳೆಗಾಲದಲ್ಲಿ ನೀರಿನ ಹನಿ ಕೂತು ಬರೀ ಬಣ್ಣ ಬಣ್ಣದ ನೆರಳು. ಬಸ್ಸಿಗೆ ತೀರ ಅಂಟಿಕೊಂಡು, ಮುಂದಿನ ಚಕ್ರದ ಪಕ್ಕ ನಿಂತವರು ಕೆಲವು ಸಲ ಕಾಣುವುದೇ ಇಲ್ಲ. ಅದಕ್ಕೇ ಈಗ ನನ್ನ ಲೆಕ್ಕ ಬೇರೆ. ಬೆಲ್ ಕೇಳಿದರೆ ಮೊದಲು ಎಡಗನ್ನಡಿ, ಆಮೇಲೆ ಒಳಗಿನ ಕನ್ನಡಿ, ಮತ್ತೊಮ್ಮೆ ಎಡಗನ್ನಡಿ, ಆಮೇಲೆಯೇ ಗೇರ್. ಒಟ್ಟು ಮೂರು ಸೆಕೆಂಡ್. ಮಳೆಗಾಲದಲ್ಲಿ ಕನ್ನಡಿ ಒರೆಸಲು ಒಂದು ಬಟ್ಟೆ ಸೀಟಿನ ಪಕ್ಕದಲ್ಲೇ ಇರುತ್ತದೆ.

ಈ ಮೂರು ಸೆಕೆಂಡಿಗೂ ನಮ್ಮ ರೂಟಿನಲ್ಲಿ ಜಗಳ ನಡೆಯುತ್ತದೆ ಅಂದರೆ ನಂಬುತ್ತೀರಾ? ಪರ್ಮಿಟ್ ಜೊತೆಗೇ ಟೈಮಿಂಗ್ ಬರುತ್ತದೆ, ಇಷ್ಟು ಗಂಟೆಗೆ ಕುಂಬಳೆ, ಇಷ್ಟಕ್ಕೆ ಉಪ್ಪಳ, ಇಷ್ಟಕ್ಕೆ ಹೊಸಂಗಡಿ ಅಂತ. ನನ್ನ ಹಿಂದಿನ ಬಸ್ಸು ನಾಲ್ಕೈದು ನಿಮಿಷದಲ್ಲಿ ಬಂದುಬಿಡುತ್ತದೆ. ಒಂದು ನಿಮಿಷ ಲೇಟ್ ಆದರೆ ನನ್ನ ಜನ ಅವನಿಗೆ ಸಿಗುತ್ತಾರೆ. ಆದರೆ ಮಂಡಿನೋವಿನವರು ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು ಅಂತ ಆ ಟೈಮಿಂಗ್‌ನಲ್ಲಿ ಯಾರೂ ಬರೆದಿಲ್ಲ. ಅದನ್ನು ಡ್ರೈವರೇ ತನ್ನ ಕಡೆಯಿಂದ ಕೊಡಬೇಕು.

ಬ್ರೇಕ್ ವಿಷಯ ಕಲಿಸಿದ್ದು ಇನ್ನೊಬ್ಬರು. ಬಂದ್ಯೋಡಿನಿಂದ ವಾರಕ್ಕೆ ಮೂರು ದಿನ ಹತ್ತುತ್ತಿದ್ದರು, ವಯಸ್ಸು ಮೂವತ್ತೈದು ಇರಬಹುದು. ತಲಪಾಡಿಯಲ್ಲಿ ಇಳಿದು ಮಂಗಳೂರಿನ ಸಿಟಿ ಬಸ್ ಹಿಡಿಯುತ್ತಿದ್ದರು, ಮಧ್ಯಾಹ್ನದ ಟ್ರಿಪ್ಪಿನಲ್ಲಿ ವಾಪಸ್. ನೋಡಲು ಗಟ್ಟಿಮುಟ್ಟು, ಆದರೆ ಯಾವಾಗಲೂ ಹಿರಿಯರ ಸೀಟಿನಲ್ಲಿ ಕೂರುತ್ತಿದ್ದರು. ಒಂದು ದಿನ ಒಬ್ಬರು ಹಿರಿಯರು ಬೈದು ಎಬ್ಬಿಸಿದರು. ಇವರು ಏನೂ ಹೇಳದೆ ಎದ್ದು ನಿಂತರು, ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯಲ್ಲಿ ಮಾತ್ರ ಕಂಬಿ ಹಿಡಿದು. ಕೈಕಂಬದ ಹತ್ತಿರ ಒಂದು ಸ್ಕೂಟರ್ ಅಡ್ಡ ಬಂತು, ಬ್ರೇಕ್ ಒತ್ತಿದೆ, ಅವರು ಮುಗ್ಗರಿಸಿ ನನ್ನ ಸೀಟಿನ ಹಿಂದಿನ ಕಂಬಿಗೆ ಬಂದು ಬಡಿದರು. ಆಗಲೂ ಆ ಕೈ ಬಿಡಲಿಲ್ಲ.

ಇಳಿಯುವಾಗ ಕೇಳಿದೆ, ಕೈಗೆ ಎಂತ ಆಗಿದೆ ಅಂತ. ಶರ್ಟಿನ ತೋಳು ಮೇಲೆ ಮಾಡಿ ತೋರಿಸಿದರು. ಡಯಾಲಿಸಿಸ್‌ಗೆ ಸೂಜಿ ಹಾಕಲು ಆಪರೇಶನ್ ಮಾಡಿ ರಕ್ತನಾಳ ಜೋಡಿಸಿದ ಜಾಗ, ಫಿಸ್ಟುಲಾ ಅನ್ನುತ್ತಾರೆ. ಆ ಕೈಯಲ್ಲಿ ಭಾರ ಎತ್ತಬಾರದು, ಜೋತು ಬೀಳಬಾರದು, ಪೆಟ್ಟಂತೂ ಬೀಳಲೇಬಾರದು. ನಾಲ್ಕು ಗಂಟೆ ಮೆಷಿನ್ನಿನಲ್ಲಿ ಮಲಗಿ ಎದ್ದಾಗ ಬಿಪಿ ಇಳಿದು ತಲೆ ಸುತ್ತುವುದೂ ಉಂಟು. "ಅಣ್ಣಾ, ಪ್ರತಿಯೊಬ್ಬರಿಗೂ ತೋಳು ಎತ್ತಿ ತೋರಿಸಲು ನಾಚಿಕೆ ಆಗ್ತದೆ" ಅಂದರು. ಅವತ್ತಿನಿಂದ ನನ್ನ ಕಂಡಕ್ಟರಿಗೆ ಹೇಳಿಟ್ಟಿದ್ದೇನೆ, ಸೀಟು ಬೇಕು ಅಂತ ಯಾರಾದರೂ ಕೇಳಿದರೆ ಕಾರಣ ಕೇಳಬೇಡ.

40 ಕಿಲೋಮೀಟರ್ ವೇಗದಲ್ಲಿರುವ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ, ಹೆಚ್ಚುಕಮ್ಮಿ ಬಸ್ಸಿನ ಉದ್ದದಷ್ಟೇ. ಏರ್ ಬ್ರೇಕ್ ಜೋರಾಗಿ ಒತ್ತಿದರೆ ಬಸ್ಸು ನಿಲ್ಲುತ್ತದೆ, ಒಳಗೆ ನಿಂತವರು ನಿಲ್ಲುವುದಿಲ್ಲ. ಸ್ಟಾಪ್ ದೂರದಿಂದಲೇ ಕಾಣುವಾಗ ಮೊದಲೇ ಆಕ್ಸಿಲರೇಟರ್ ಬಿಟ್ಟು, ಮೆಲ್ಲ ಒತ್ತಿ, ಚಕ್ರ ಪೂರ್ತಿ ನಿಲ್ಲುವ ಕೊನೆಯ ಗಳಿಗೆಯಲ್ಲಿ ಬ್ರೇಕನ್ನು ಒಂಚೂರು ಸಡಿಲ ಬಿಟ್ಟರೆ ಆ ಕೊನೆಯ ಜೋಲಿ ಬರುವುದೇ ಇಲ್ಲ. ಇದು ಅಭ್ಯಾಸದ ವಿಷಯ. ಅವರು ಬಸ್ಸಿನಲ್ಲಿದ್ದಾಗ ಮಾತ್ರ ಹಾಗೆ ನಿಲ್ಲಿಸುತ್ತಿದ್ದೆ, ಆಮೇಲೆ ಯೋಚನೆ ಬಂತು, ಉಳಿದವರ ಶರ್ಟಿನ ತೋಳಿನ ಒಳಗೆ ಎಂತ ಉಂಟು ಅಂತ ನನಗೆ ಗೊತ್ತಾ? ಈಗ ಎಲ್ಲರಿಗೂ ಹಾಗೇ. ಪ್ರಯಾಣಿಕರಿಗೂ ಒಂದು ಮಾತು. ಹಿಂದಿನ ಚಕ್ರದ ಆಚೆಗಿನ ಸೀಟುಗಳು ಹಂಪಿನಲ್ಲಿ ಜಾಸ್ತಿ ಎತ್ತಿ ಹಾಕುತ್ತವೆ. ಬೆನ್ನುನೋವು ಇರುವವರು, ಬಸುರಿಯರು ಎರಡು ಚಕ್ರಗಳ ನಡುವಿನ ಸೀಟು ಕೇಳಿ ತೆಗೆದುಕೊಳ್ಳಿ.

2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗ, ಒಳರಸ್ತೆಗಳಿಗೂ ಮಣ್ಣು ಸುರಿದಾಗ, ನನಗೆ ಮೊದಲು ನೆನಪಾದದ್ದು ಆ ಡಯಾಲಿಸಿಸ್‌ನವರೇ. ಬಸ್ಸು ಮತ್ತೆ ಶುರುವಾದ ಮೇಲೆ ಬಂದ್ಯೋಡು ಸ್ಟಾಪಿನಲ್ಲಿ ತುಂಬ ದಿನ ಹುಡುಕಿದೆ. ಮತ್ತೆ ಕಾಣಲಿಲ್ಲ. ಹತ್ತಿರದ ಆಸ್ಪತ್ರೆಗೇ ಹೋಗುತ್ತಿದ್ದಾರೆ ಅಂತ ಅಂದುಕೊಂಡಿದ್ದೇನೆ.

ಇನ್ನು ಆರಿಕ್ಕಾಡಿಯ ಅಜ್ಜಿ. ಪ್ರತಿ ಸಲವೂ ಮುಂದಿನ ಬಾಗಿಲಿಗೆ ಬಂದು "ಇದು ಎಲ್ಲಿಗೆ ಹೋಗುವ ಬಸ್ಸು ಮಗಾ?" ಅಂತ ಕೇಳುತ್ತಿದ್ದರು. ಒಮ್ಮೆ ದಕ್ಷಿಣದ ಕಡೆಯಿಂದ ಬಂದ ಹೊಸ ಕಂಡಕ್ಟರ್ ಸಿಟ್ಟಾಗಿ, ಬೋರ್ಡ್ ಓದಲು ಬರುವುದಿಲ್ಲವಾ ಅಂತ ಮಲಯಾಳದಲ್ಲಿ ಗದರಿಸಿದ. ಅಜ್ಜಿ ಚೀಲದಿಂದ ಮಡಿಸಿದ ಕನ್ನಡ ಪೇಪರ್ ತೆಗೆದು ಅವನಿಗೆ ತೋರಿಸಿದರು. "ನಾನು ಐದನೇ ಕ್ಲಾಸಿನಲ್ಲಿರುವಾಗ ಊರು ಕೇರಳಕ್ಕೆ ಸೇರಿದ್ದು. ಇದು ಓದ್ತೇನೆ. ನಿನ್ನ ಬೋರ್ಡಿನಲ್ಲಿ ಇದು ಇಲ್ಲ."

1956ರ ನವೆಂಬರ್ 1ರ ಮೊದಲು ನಮ್ಮ ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗ ಶಾಲೆಯಲ್ಲಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅಕ್ಷರ ಬಲ್ಲವರನ್ನು ನಾವು ದಿನವೂ ಸ್ಟಾಪಿನಲ್ಲಿ ಅನಕ್ಷರಸ್ಥರನ್ನಾಗಿ ಮಾಡುತ್ತಿದ್ದೇವೆ ಅಂತ ನನಗೆ ಅವತ್ತೇ ಹೊಳೆದದ್ದು, ನಾನೂ ಕನ್ನಡ ಶಾಲೆಯಲ್ಲೇ ಓದಿದವನು. ಅದೇ ವಾರ ಒಂದು ಪ್ಲೈವುಡ್ ತುಂಡಿನ ಮೇಲೆ ಪೈಂಟಿನಲ್ಲಿ "ತಲಪಾಡಿ" ಅಂತ ಬರೆದೆ, ಇನ್ನೊಂದು ಬದಿಗೆ "ಕಾಸರಗೋಡು". ಮುಂದಿನ ಗಾಜಿಗೆ ಒರಗಿಸಿ ಇಟ್ಟೆ. ಈಗ ಅಜ್ಜಿ ಕೇಳುವುದಿಲ್ಲ, ದೂರದಿಂದಲೇ ಓದುತ್ತಾರೆ.

ಆದರೆ ಈಗ ಬೇರೆ ಕಷ್ಟ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೆದ್ದಾರಿ ಆರು ಪಥ ಆಗಿದೆ. ನಮ್ಮ ಬಸ್ಸು ಜನ ಹತ್ತಿಸಬೇಕಾದರೆ ಪಕ್ಕದ ಸರ್ವಿಸ್ ರೋಡಿನಲ್ಲೇ ಬರಬೇಕು. ಮೊದಲು ಅಜ್ಜಿಯಂಥವರು ರಸ್ತೆ ದಾಟಿದರೆ ಸ್ಟಾಪ್ ಸಿಗುತ್ತಿತ್ತು. ಈಗ ಅಂಡರ್‌ಪಾಸ್ ಇರುವಲ್ಲಿಯವರೆಗೆ ನಡೆದು, ಆಚೆ ಬಂದು, ಮತ್ತೆ ಸ್ಟಾಪಿನವರೆಗೆ ವಾಪಸ್ ನಡೆಯಬೇಕು. ಬಸ್ಸು ಕಣ್ಣಿಗೆ ಕಾಣುತ್ತದೆ, ಕಾಲು ತಲುಪುವುದಿಲ್ಲ. ಓಡಿ ಬರುವವರಲ್ಲಿ ಜಾಸ್ತಿ ಹಿರಿಯರೇ, ನೋಡುವಾಗ ಹೊಟ್ಟೆ ಉರಿಯುತ್ತದೆ.

ಅದಕ್ಕೆ ನಾನೂ ಅಜ್ಜಿಯೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಬೆಳಿಗ್ಗೆಯ ಟ್ರಿಪ್ಪಿನಲ್ಲಿ ಆರಿಕ್ಕಾಡಿ ಬರುವಾಗ ನಾನು ಒಂದು ಸಲ ಸಣ್ಣಗೆ ಹಾರ್ನ್ ಹಾಕುತ್ತೇನೆ. ಅಜ್ಜಿ ದಾರಿಯಲ್ಲಿದ್ದರೆ ಕೊಡೆ ಮೇಲೆತ್ತಿ ತೋರಿಸುತ್ತಾರೆ. ಕೊಡೆ ಕಂಡರೆ ಕಂಡಕ್ಟರ್ ಬೆಲ್ಲಿನ ಹಗ್ಗಕ್ಕೆ ಕೈ ಹಾಕುವುದಿಲ್ಲ. ಹಿಂದಿನ ಬಸ್ಸಿನವನೂ ಈಗೀಗ ಹಾರ್ನ್ ಬಡಿಯುವುದು ಬಿಟ್ಟಿದ್ದಾನೆ.