ತಳ ಕಾಣದ ನದಿಯಲ್ಲಿ ಮೋಟಾರು ದೋಣಿ

ಕೊಲೊರಾಡೊ ನದಿಯ ನೀರಿಗೆ ಬೆರಳು ಅದ್ದಿದರೆ ಬೆರಳ ತುದಿ ಕಾಣುತ್ತಿರಲಿಲ್ಲ. ಅಮೆರಿಕದ ಯೂಟಾ, ಅರಿಜೋನಾ ಮರುಭೂಮಿಯ ಮರಳುಗಲ್ಲನ್ನು ಕೊರೆದು ಬರುವ ಆ ನೀರಿನಲ್ಲಿ ಹೂಳು ಅಷ್ಟಿತ್ತು. ದೋಣಿಯ ಕೆಳಗೆ ಮೂರಾಳು ನೀರಿದೆಯೋ ಮೊಣಕಾಲುದ್ದವೋ ಎಂದು ಮೇಲಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಗ್ಲೆನ್ ಕಣಿವೆಗೆ ಅಣೆಕಟ್ಟು ಬರುವ ಮೊದಲು ಅಲ್ಲಿ ಮೋಟಾರು ದೋಣಿ ನಡೆಸಿದವರ ನಿಜವಾದ ತೊಡಕು ಇದೇ ಆಗಿತ್ತು. ಎಂಜಿನ್ನಿನ ಬಲ ಆಮೇಲಿನ ಮಾತು.

ಬಲವನ್ನೇ ನಂಬಿದವರ ಕಥೆಯೂ ಇದೆ. 1912ರಲ್ಲಿ ಚಿನ್ನದ ಆಸೆಗೆ ಬಿದ್ದ ಚಾರ್ಲ್ಸ್ ಸ್ಪೆನ್ಸರ್, ಗ್ಲೆನ್ ಕಣಿವೆಯ ಕೆಳತುದಿಯ ದೋಣಿಗಟ್ಟೆಯಾದ ಲೀಸ್ ಫೆರಿಯಲ್ಲಿದ್ದ ತನ್ನ ಚಿನ್ನದ ಯಂತ್ರಗಳಿಗೆ ಕಲ್ಲಿದ್ದಲು ಸಾಗಿಸಲೆಂದು 92 ಅಡಿ ಉದ್ದದ ಉಗಿದೋಣಿಯನ್ನು ನೀರಿಗಿಳಿಸಿದ. ಹೋಗಿ ಬರುವಷ್ಟರಲ್ಲಿ ತಂದ ಕಲ್ಲಿದ್ದಲು ಹೆಚ್ಚುಕಡಿಮೆ ಅದರ ಒಲೆಗೇ ಸರಿಹೋಗುತ್ತಿತ್ತು!

ಸಣ್ಣ ದೋಣಿಗಳ ಕಥೆ ಬೇರೆ. ನೀರಿನ ಮೇಲ್ಮೈಯನ್ನು ಓದಲು ಬಂದರೆ ಅವು ದಾರಿ ಕಂಡುಕೊಳ್ಳುತ್ತಿದ್ದವು. ತಿರುವಿನಲ್ಲಿ ಹೊರದಂಡೆಯ ಕಡೆ ಆಳ ಹೆಚ್ಚು. ಮೇಲಿನ ವೇಗದ ನೀರು ಹೊರಕ್ಕೆ ನುಗ್ಗಿ ದಂಡೆಯನ್ನು ಕೊರೆದು ಕೆಳಗಿಳಿಯುತ್ತದೆ, ತಳದ ನೀರು ಮರಳನ್ನು ಎಳೆದುಕೊಂಡು ಒಳದಂಡೆಗೆ ಸರಿಯುತ್ತದೆ. ಹಾಗಾಗಿ ಬಂಡೆಗೋಡೆಗೆ ಉಜ್ಜುವಷ್ಟು ಹತ್ತಿರ ಹೋಗುವುದೇ ಕ್ಷೇಮ. ಹೊಸಬರು ಹೆದರಿ ಒಳಬದಿಗೆ ತಿರುಗಿಸಿ ಮರಳು ದಿಬ್ಬಕ್ಕೆ ಏರಿಸುತ್ತಾರೆ. ನೇರ ಹರಿವಿನಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ, ಹೋದ ಸಲದ ದಾರಿ ಈ ಸಲಕ್ಕಿಲ್ಲ.

ಪಳಗಿದವರು ಹಿಂದಕ್ಕೂ ಒಂದು ಕಣ್ಣಿಟ್ಟಿರುತ್ತಿದ್ದರು. ನೀರು ತೆಳುವಾದಂತೆ ದೋಣಿ ಎಬ್ಬಿಸುವ ಅಲೆ ಕಡಿದಾಗಿ ಮೇಲೆದ್ದು ಮುರಿಯುತ್ತದೆ. ಅದು ತಳ ಹತ್ತಿರವಾದ ಸೂಚನೆ. ಆಗ ವೇಗ ತಗ್ಗಿಸಬೇಕು ಅನ್ನಿಸುವುದು ಸಹಜ, ಆದರೆ ಎಷ್ಟೋ ಸಲ ಅದೇ ತಪ್ಪು. ವೇಗವಾಗಿ ಓಡುವಾಗ ದೋಣಿ ನೀರಿನಿಂದ ಎದ್ದು ಮೇಲ್ಮೈ ಮೇಲೆ ಜಾರುತ್ತಿರುತ್ತದೆ. ವೇಗ ತಗ್ಗಿಸಿದ ಕೂಡಲೇ ಹಿಂಭಾಗ ಕುಸಿಯುತ್ತದೆ, ಪ್ರೊಪೆಲರ್ ಮರಳಿಗೆ ತಾಗುತ್ತದೆ. ಕಲ್ಲಿಗೆ ಬಡಿದರೆ ಪ್ರೊಪೆಲರ್ ಉಳಿಯಲಿ ಎಂದು ಒಳಗಿನ ಮೆತ್ತನೆಯ ಲೋಹದ ಪಿನ್ ತಾನೇ ಮುರಿಯುತ್ತದೆ. ಒಳ್ಳೆಯ ಉಪಾಯವೇ, ಆದರೆ ಸೆಳವಿನ ನಡುವೆ ಪಿನ್ ಮುರಿದಾಗ ಅದನ್ನು ಮೆಚ್ಚುವ ಮನಸ್ಸು ಯಾರಿಗಿರುತ್ತದೆ? ಇನ್ನು ಎಂಜಿನ್ ತಂಪಾಗುವುದೂ ನದಿಯ ನೀರಿನಿಂದಲೇ. ಹೂಳು ತುಂಬಿದ ಆ ನೀರು ಪಂಪಿನ ರಬ್ಬರ್ ರೆಕ್ಕೆಗಳನ್ನು ಅರೆದು ಸವೆಸುತ್ತಿತ್ತು.

ಸಿಕ್ಕಿಹಾಕಿಕೊಳ್ಳುವುದರಲ್ಲೂ ತಾರತಮ್ಯವುಂಟು. ಪ್ರವಾಹಕ್ಕೆದುರಾಗಿ ಹೋಗುವಾಗ ದಿಬ್ಬಕ್ಕೆ ತಗುಲಿದರೆ ನದಿಯೇ ದೋಣಿಯನ್ನು ಹಿಂದಕ್ಕೆ ತಳ್ಳಿ ಬಿಡಿಸುತ್ತದೆ. ಇಳಿಯುವಾಗ ತಗುಲಿದರೆ ಇನ್ನಷ್ಟು ಮೇಲೇರಿಸುತ್ತದೆ. 1950ರ ದಶಕದ ಕೊನೆಯಲ್ಲಿ ಆರಂಭವಾದ ಒಂದು ಸಾಮೂಹಿಕ ಯಾನದಲ್ಲಿ ಈ ಎರಡು ಅನುಭವಗಳೂ ಸಿಗುತ್ತಿದ್ದವು. ದೋಣಿಗಳು ಗ್ರೀನ್ ನದಿಯಲ್ಲಿ ಇಳಿದು, ಸಂಗಮದಲ್ಲಿ ತಿರುಗಿ, ಕೊಲೊರಾಡೊವನ್ನೇರಿ ಮೋಆಬ್ ಪಟ್ಟಣ ಸೇರುತ್ತಿದ್ದವು. ಒಟ್ಟು ದಾರಿ ಸುಮಾರು 300 ಕಿ.ಮೀ. ಹಿಮ ಕರಗಿ ನೀರೇರುವ ಮೇ ಕೊನೆಯ ದಿನಗಳನ್ನು ಅದಕ್ಕೆ ಆರಿಸಿದ್ದು ಸುಮ್ಮನೆ ಅಲ್ಲ.

ಪ್ರೊಪೆಲರನ್ನೇ ನೀರಿನಿಂದ ಹೊರಗಿಟ್ಟರೆ? ಲೀಸ್ ಫೆರಿಯಿಂದ ಸುಮಾರು 110 ಕಿ.ಮೀ. ಮೇಲಕ್ಕೆ, ರೇನ್‌ಬೋ ಬ್ರಿಜ್ ಎಂಬ ಕಲ್ಲಿನ ಕಮಾನಿಗೆ ಹೋಗುವ ಕಾಲುದಾರಿಯವರೆಗೆ ಪ್ರವಾಸಿಗಳನ್ನು ಒಯ್ಯುತ್ತಿದ್ದ ಆರ್ಟ್ ಗ್ರೀನ್, ವಿಮಾನದ ಎಂಜಿನ್ ಕೂರಿಸಿದ ದೋಣಿಯನ್ನು ಓಡಿಸಿದರು. ಗಾಳಿಯನ್ನು ತಳ್ಳುವ ಅದಕ್ಕೆ ಮರಳಿನ ಭಯವಿರಲಿಲ್ಲ, ಸದ್ದು ಮಾತ್ರ ಕಿವಿಗೆ ಶಿಕ್ಷೆ.

ಅಚ್ಚುಕಟ್ಟಾದ ಪರಿಹಾರ ಬಂದದ್ದು ನ್ಯೂಜಿಲೆಂಡಿನಿಂದ. ತನ್ನೂರಿನ ಕಲ್ಲುಮಯ ಹೊಳೆಗಳಿಗಾಗಿ ಬಿಲ್ ಹ್ಯಾಮಿಲ್ಟನ್ ರೂಪಿಸಿದ ಜೆಟ್ ದೋಣಿ ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿ ಮುನ್ನುಗ್ಗುತ್ತದೆ. ಅದರಲ್ಲಿ ಕೆಳಕ್ಕೆ ಚಾಚಿ ಬಡಿಯುವ ಭಾಗವೇ ಇಲ್ಲ. 1960ರಲ್ಲಿ ಅವರ ಮಗ ಜಾನ್ ಮತ್ತು ತಂಡದವರು ಇಂಥ ದೋಣಿಗಳಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ ರಭಸವನ್ನು ಕೆಳಗಿನಿಂದ ಮೇಲಕ್ಕೆ ಏರಿದರು. ಒಂದು ದೋಣಿ ದಾರಿಯಲ್ಲಿ ಮುಳುಗಿತು. ಮುಂದೆ ಅಲ್ಲಿ ಪ್ರವಾಹಕ್ಕೆದುರಾದ ಯಾನವನ್ನೇ ನಿಷೇಧಿಸಲಾಯಿತು. 1963ರಲ್ಲಿ ಗ್ಲೆನ್ ಅಣೆಕಟ್ಟಿನ ಬಾಗಿಲು ಮುಚ್ಚಿದ ಮೇಲೆ ಹೂಳು ಜಲಾಶಯದಲ್ಲೇ ನಿಂತಿತು, ಲೀಸ್ ಫೆರಿಯಲ್ಲಿ ಈಗ ಹರಿಯುವುದು ತಣ್ಣನೆಯ ಹಸಿರು ನೀರು.