ಡೇರೆಯ ಕಣ್ಣಿರುವುದು ಕುತ್ತಿಗೆಯ ಮೇಲ್ತುದಿಯಲ್ಲಿ

ನೆಟ್ಟ ಡೇರೆ (ಡೇಲಿಯಾ ಹೂವಿನ) ಗಡ್ಡೆ ಚಿಗುರದಿದ್ದರೆ ಮಲೆನಾಡಿನ ಮನೆಗಳಲ್ಲಿ ಹೇಳುವ ಕಾರಣಗಳು ಹಲವು. ನೆಟ್ಟವರ ಕೈಗುಣ ಸರಿಯಿಲ್ಲ, ಕೊಟ್ಟವರಿಗೆ ಮನಸ್ಸಿರಲಿಲ್ಲ, ಮುಟ್ಟಾದವರು ಮುಟ್ಟಿದ್ದಾರೆ, ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದೇ ಚೆನ್ನಾಗಿ ಬರುತ್ತದೆ. ಇದರಲ್ಲಿ ಮುಟ್ಟಿನ ಮಾತಂತೂ ಹೆಂಗಸರನ್ನು ಅವರೇ ಸಾಕಿದ ಗಿಡದಿಂದ ದೂರ ನಿಲ್ಲಿಸುತ್ತದೆ. ಅದನ್ನು ಇನ್ನಾದರೂ ಬಿಡಬೇಕು. ಗಡ್ಡೆ ಚಿಗುರುತ್ತದೋ ಇಲ್ಲವೋ ಎಂಬುದು ಅದರ ಕುತ್ತಿಗೆಯ ಮೇಲ್ತುದಿಯಲ್ಲಿರುವ ಸಾಸಿವೆ ಕಾಳಿನಷ್ಟು ಉಬ್ಬಿನಲ್ಲಿ, ಅಂದರೆ ಚಿಗುರೊಡೆಯುವ ಕಣ್ಣಿನಲ್ಲಿ ತೀರ್ಮಾನವಾಗುತ್ತದೆ.

ನಾವು ಗಡ್ಡೆ ಎನ್ನುವುದು ನಿಜಕ್ಕೂ ಬೇರು. ಆಲೂಗಡ್ಡೆ ಮಣ್ಣೊಳಗೆ ಉಬ್ಬಿದ ಕಾಂಡ, ಹಾಗಾಗಿ ಅದಕ್ಕೆ ಮೈತುಂಬ ಕಣ್ಣು. ಗೆಣಸು ಬೇರೇ ಆದರೂ ತನ್ನ ಮೈಮೇಲೆ ಹೊಸ ಮೊಗ್ಗು ಹುಟ್ಟಿಸಿಕೊಳ್ಳಬಲ್ಲದು. ಡೇರೆಗೆ ಎರಡೂ ಇಲ್ಲ. ಅದರ ಕಣ್ಣುಗಳೆಲ್ಲ ಹಳೆಯ ಕಾಂಡದ ಬುಡದಲ್ಲಿ, ಬೇರು ಬಂದು ಕೂಡುವ ಕಡೆಯೇ ಇರುತ್ತವೆ. ಕಣಜದಲ್ಲಿ ಎಷ್ಟು ಭತ್ತವಿದ್ದರೇನು, ಒಲೆ ಹಚ್ಚುವವರಿಲ್ಲದ ಮನೆಯಲ್ಲಿ ಅನ್ನವಾಗದು. ಬೇರು ಕಣಜ, ಕಣ್ಣು ಒಲೆ. ನಡುವಿನ ಸಪೂರ ಕುತ್ತಿಗೆ ಕಣಜದಿಂದ ಒಲೆಮನೆಗೆ ಹೋಗುವ ಓಣಿ. ಅದು ಬಿರುಕು ಬಿಟ್ಟರೂ ಸಾಕು, ದಾರಿ ಕಟ್ಟಿತು. ಕುತ್ತಿಗೆ ಮುರಿದ ಮುಷ್ಟಿಗಾತ್ರದ ಗಡ್ಡೆ ಮಣ್ಣಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗೇ ಉಳಿದೀತು, ಎಳೆಬೇರನ್ನೂ ಬಿಟ್ಟೀತು, ಚಿಗುರು ಮಾತ್ರ ಬಾರದು. ಹೆಬ್ಬೆರಳಿನಷ್ಟೇ ಇದ್ದರೂ ಕಣ್ಣಿರುವ ತುಂಡು ಎದೆಯೆತ್ತರದ ಗಿಡವಾಗುತ್ತದೆ.

ಕಣಜದಲ್ಲಿರುವ ದಾಸ್ತಾನೂ ಬೇರೆ. ಆಲೂಗಡ್ಡೆ ಹೋಳಿಗೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಟ್ಟರೆ ಮಸಿಯಂತೆ ಕಪ್ಪು-ನೀಲಿಯಾಗುತ್ತದೆ. ಡೇರೆ ಹೋಳಿನ ಮೇಲೆ ಆ ಬಣ್ಣ ಬರುವುದಿಲ್ಲ. ಅಲ್ಲಿರುವುದು ಪಿಷ್ಟವಲ್ಲ, ಇನುಲಿನ್ ಎಂಬ ಬೇರೆ ಬಗೆಯ ಶರ್ಕರ.

ಇದರ ತವರು ಮೆಕ್ಸಿಕೊದ ಬೆಟ್ಟಗಳು. 1789ರಲ್ಲಿ ಮೆಕ್ಸಿಕೊ ನಗರದ ಸಸ್ಯೋದ್ಯಾನದಿಂದ ವಿಸೆಂಟೆ ಸೆರ್ವಾಂಟೆಸ್ ಬೀಜಗಳನ್ನು ಮ್ಯಾಡ್ರಿಡ್‌ಗೆ ಕಳಿಸಿದರು. ಅಲ್ಲಿನ ಸಸ್ಯಶಾಸ್ತ್ರಜ್ಞ ಕವನಿಯೆಸ್ 1791ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ನೆನಪಿಗೆ ಡೇಲಿಯಾ ಎಂದು ಹೆಸರಿಟ್ಟರು. 1963ರಲ್ಲಿ ಅದು ಮೆಕ್ಸಿಕೊದ ರಾಷ್ಟ್ರಪುಷ್ಪವಾಯಿತು. ಇದಕ್ಕೂ ಬಹಳ ಹಿಂದೆ ಅಲ್ಲಿನ ನಾವಾಟ್ಲ್ ಭಾಷೆಯವರು ಅಕೊಕೋಟ್ಲಿ ಎನ್ನುತ್ತಿದ್ದರು, ಅಂದರೆ ನೀರ ಕೊಳವೆ.

ಆ ಹೆಸರಲ್ಲಿ ತೋಟಗಾರಿಕೆಯ ಪಾಠವೇ ಇದೆ. ಬಲಿತ ಡೇರೆಯ ದಂಟು ಒಳಗೆ ಟೊಳ್ಳು. ಮಳೆಯಲ್ಲಿ ಅದನ್ನು ಕತ್ತರಿಸಿ ಬಿಟ್ಟರೆ ಕೊಳವೆಯಲ್ಲಿ ನೀರು ತುಂಬಿ ಕಣ್ಣುಗಳಿರುವ ಬುಡದಲ್ಲೇ ನಿಲ್ಲುತ್ತದೆ. ಹೊರಗಿಂದ ಗಡ್ಡೆ ಚೆನ್ನಾಗಿ ಕಂಡರೂ ಕಣ್ಣು ಕೊಳೆತಿರುತ್ತದೆ. ಕತ್ತರಿಸಿದ ತುದಿಗೆ ಪ್ಲಾಸ್ಟಿಕ್ ಕಟ್ಟಿ. ಕಿತ್ತ ಬುಡವನ್ನು ಒಂದೆರಡು ದಿನ ತಲೆಕೆಳಗಾಗಿ ಇಟ್ಟು ನೀರು ಬಸಿಯಿರಿ.

ನೆಡುವಾಗ ಗುಂಡಿ 10ರಿಂದ 15 ಸೆಂ.ಮೀ. ಆಳ, ಗಿಡದಿಂದ ಗಿಡಕ್ಕೆ 45ರಿಂದ 60 ಸೆಂ.ಮೀ. ಇರಲಿ. ಗಡ್ಡೆಯನ್ನು ಅಡ್ಡ ಮಲಗಿಸಿ, ಕಣ್ಣು ಮೇಲಿರಲಿ. ಊರುಗೋಲನ್ನು ಆಗಲೇ ನೆಡಿ. ಆಮೇಲೆ ಚುಚ್ಚಿದರೆ ಗಡ್ಡೆಗೇ ತಗಲುತ್ತದೆ. ಮಣ್ಣು ಪೂರ್ತಿ ಒಣಗಿರದಿದ್ದರೆ ಚಿಗುರು ಕಾಣುವವರೆಗೆ ನೀರು ಬೇಡ. ಮಳೆಗಾಲದಲ್ಲಿ ಏರುಮಡಿ ಮಾಡದೆ ವಿಧಿಯಿಲ್ಲ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದರೆ ಕವಲು ಹೆಚ್ಚಿ ಅಂಚಿನ ಮಡಿ ತುಂಬ ಹೂವಾಗುತ್ತದೆ. ದೊಡ್ಡ ಹೂವೇ ಬೇಕಿದ್ದರೆ ನಡುಮೊಗ್ಗನ್ನು ಬಿಟ್ಟು ಪಕ್ಕದ ಎರಡು ಮೊಗ್ಗು ತೆಗೆಯಿರಿ. ಸಗಣಿಗೊಬ್ಬರ, ಯೂರಿಯಾ ಅತಿಯಾದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ.

ಹೂದಾನಿಗಾದರೆ ಮುಕ್ಕಾಲು ಅರಳಿದ ಮೇಲೆ, ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಗುಲಾಬಿಯಂತೆ ಇದರ ಮೊಗ್ಗು ನೀರಿನಲ್ಲಿ ಬಿರಿಯುವುದಿಲ್ಲ. ಹೂವಿನ ಹಿಂಬದಿಯ ಎಸಳು ಮೆತ್ತಗೆ, ಕಾಗದದಂತೆ ಆಗಿದ್ದರೆ ಅದು ಆಗಲೇ ಹಳತು. ದಂಟು ಉದ್ದ ಸಿಗುವಂತೆ, ಕೆಳಗಿನ ಎಲೆಜೋಡಿಯ ಮೇಲಕ್ಕೆ ಕತ್ತರಿಸಿದರೆ ಮುಂದಿನ ಹೂವಿನ ದಂಟೂ ಉದ್ದ ಬರುತ್ತದೆ.

ಶಿರಸಿಯ ಕಡೆ ಜೂನ್‌ನಲ್ಲಿ ಸುಮಾರು 13 ಗಂಟೆಯಿರುವ ಹಗಲು ಸೆಪ್ಟೆಂಬರ್ ಕೊನೆಗೆ 12ಕ್ಕೆ ಇಳಿಯುತ್ತದೆ. ಇನ್ನೂ ಕುಗ್ಗಿದಂತೆ ಗಿಡ ಹೂವಿನ ಗೊಡವೆ ಬಿಟ್ಟು ಬೇರು ತುಂಬಲು ತೊಡಗುತ್ತದೆ. ತುಂಬು ಎಸಳಿನ ಹೂವಿನಲ್ಲೂ ನಡುವಿನ ಹಳದಿ ಬಿಲ್ಲೆ ಕಾಣತೊಡಗುತ್ತದೆ. ರೋಗ ಎಂದುಕೊಂಡು ಔಷಧಿ ಹೊಡೆಯಬೇಡಿ. ಎಲೆ ಮುರುಟಿ, ಹಳದಿ-ಹಸಿರು ಮಚ್ಚೆ ಬಿದ್ದು, ಗಿಡ ಕುಳ್ಳಗುಳಿದರೆ ಮಾತ್ರ ನಂಜುರೋಗದ (ವೈರಸ್‌ನ) ಅನುಮಾನ. ಅದಕ್ಕೆ ಮದ್ದಿಲ್ಲ, ಗಡ್ಡೆಸಹಿತ ಸುಡಬೇಕು.

ಎತ್ತಿಟ್ಟ ಗಡ್ಡೆಗಳನ್ನು ಹಂಚುವ ಮೊದಲು ಇಡೀ ಬುಡವನ್ನು ಎರಡು-ಮೂರು ವಾರ ಸ್ವಲ್ಪವೇ ತೇವದ ತೆಂಗಿನ ನಾರಿನ ಪುಡಿಯಲ್ಲಿಡಿ. ಕಣ್ಣು ಕೆಂಪಗೋ ಹಸಿರಾಗಿಯೋ ಉಬ್ಬಿ ಕಾಣುತ್ತದೆ. ಆಗ ಚೊಕ್ಕ ಚಾಕುವಿನಿಂದ, ಪ್ರತಿ ತುಂಡಿಗೂ ಒಂದು ಕಣ್ಣು ಬರುವಂತೆ ಕಾಂಡದ ಚೂರನ್ನೂ ಸೇರಿಸಿ ಕೊಯ್ದು, ಗಾಯ ಒಂದು ದಿನ ಆರಿದ ಮೇಲೆ ಪಕ್ಕದ ಮನೆಗೆ ಕೊಡಿ.